ಕೋವಿ ಲೈಸೆನ್ಸ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಕೋವಿ ಕಾನೂನು ಬದಲಾಗುತ್ತದೆ ಎಂಬ ಸುದ್ದಿ ಊರಲ್ಲಿ ಓಡಾಡಿದಾಗಲೆಲ್ಲ ಅಡಿಕೆ ತೋಟದವರ ಎದೆ ಧಸಕ್ಕೆನ್ನುತ್ತದೆ. ಸುಳ್ಯದಿಂದ ಬೈಂದೂರಿನವರೆಗೆ ಬಂದ ಪತ್ರಗಳಲ್ಲಿ ಅದೇ ಆತಂಕ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಇನ್ನು ಒಬ್ಬರಿಗೆ ಒಂದೇ ಕೋವಿ, ಉಳಿದದ್ದು ಸರ್ಕಾರಕ್ಕೆ ಎಂದು ವಾಟ್ಸ್ಆ್ಯಪ್‌ನಲ್ಲಿ ಬಂದಿದೆ. ನಮ್ಮಲ್ಲಿ ಅಜ್ಜನ ಕಾಲದ ಕೇಪಿನ ಕೋವಿ (ಬಾಯಿಂದ ಮದ್ದು ತುಂಬಿ ಕೇಪಿನಿಂದ ಹೊತ್ತಿಸುವುದು) ಒಂದು, ಜೋಡುನಳಿಗೆ ತೋಟೆಕೋವಿ (ಕಾಟ್ರಿಜ್ ಹಾಕುವುದು) ಎರಡು, ಒಟ್ಟು ಮೂರು ಇವೆ. ಮೂರೂ ನನ್ನ ಹೆಸರಿನಲ್ಲೇ. ಏನು ಮಾಡಲಿ?
(ಕೃಷಿಕರು, ಬೆಳ್ತಂಗಡಿ)

ಉತ್ತರ: ‘ಒಂದೇ ಕೋವಿ’ ಎಂಬುದು 2019ರ ತಿದ್ದುಪಡಿ ಮಸೂದೆಯ ಮೊದಲ ರೂಪದಲ್ಲಿತ್ತು. ಆಕ್ಷೇಪಗಳು ಬಂದ ಮೇಲೆ ಸಂಸತ್ತು ಒಪ್ಪಿದ್ದು ಎರಡಕ್ಕೆ. ನಿಮಗೆ ಬಂದ ಸಂದೇಶ ಆ ಹಳೆಯ ಕರಡಿನ ಪಳೆಯುಳಿಕೆ. ಆದರೆ ಅದು ಸುಳ್ಳೆಂದು ನೀವು ನಿಶ್ಚಿಂತರಾಗುವ ಹಾಗಿಲ್ಲ.

1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಮೊದಲು ಮೂರು ಕೋವಿಗಳಿಗೆ ಅವಕಾಶವಿತ್ತು. 2019ರ ಡಿಸೆಂಬರ್ 14ರಂದು ತಿದ್ದುಪಡಿ ಜಾರಿಗೆ ಬಂದು ಮಿತಿ ಎರಡಕ್ಕೆ ಇಳಿಯಿತು. ಮೂರನೆಯದನ್ನು ಒಂದು ವರ್ಷದೊಳಗೆ, ಅಂದರೆ 2020ರ ಡಿಸೆಂಬರ್ 13ರೊಳಗೆ, ಪೊಲೀಸ್ ಠಾಣೆಯಲ್ಲೋ ಪರವಾನಗಿ ಇರುವ ಕೋವಿ ವ್ಯಾಪಾರಿಯಲ್ಲೋ ಇರಿಸಬೇಕಿತ್ತು. ‘ಇದು ಅಜ್ಜನ ಕೋವಿ, ವಂಶಪಾರಂಪರ್ಯ’ ಎಂದರೂ ಲೆಕ್ಕದಿಂದ ಹೊರಗಿಡುವುದಿಲ್ಲ. ವಾರಸುದಾರಿಕೆಯಿಂದ ಬಂದದ್ದೂ ಆ ಎರಡರೊಳಗೇ ಸೇರಬೇಕು ಎಂದು ಕಾಯ್ದೆಯಲ್ಲೇ ಬರೆದಿದೆ.

ಹಾಗಾಗಿ ಮೂರನೆಯ ಕೋವಿ ಇನ್ನೂ ಮನೆಯಲ್ಲಿದ್ದರೆ ಅದು ಲೈಸೆನ್ಸ್ ಇಲ್ಲದ ಕೋವಿ. ಅಂಥದ್ದನ್ನು ಇಟ್ಟುಕೊಂಡದ್ದಕ್ಕೆ ಶಿಕ್ಷೆ ಮೊದಲು 1ರಿಂದ 3 ವರ್ಷ ಇತ್ತು, ಈಗ 2ರಿಂದ 5 ವರ್ಷ ಮತ್ತು ದಂಡ. ಇವತ್ತೇ ಒಬ್ಬ ವಕೀಲರನ್ನು ಕಂಡು, ಕೋವಿಯ ನಂಬರು, ತಯಾರಕರ ಗುರುತು, ಲೈಸೆನ್ಸ್ ಸಂಖ್ಯೆ ಬರೆದ ಮನವಿ ಜೊತೆ ಠಾಣೆಗೆ ಒಪ್ಪಿಸಿ ರಸೀದಿ ಪಡೆಯಿರಿ. ತಡವಾದದ್ದು ಅದರಿಂದ ಅಳಿಸಿಹೋಗುವುದಿಲ್ಲ ನಿಜ. ಆದರೆ ತಾವಾಗಿ ತಂದುಕೊಟ್ಟವರನ್ನೂ ತಪಾಸಣೆಯಲ್ಲಿ ಸಿಕ್ಕಿಬಿದ್ದವರನ್ನೂ ಯಾರೂ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. ಮನೆಯಲ್ಲಿ ಲೈಸೆನ್ಸಿಗೆ ಅರ್ಹರಾದ ಇನ್ನೊಬ್ಬರಿದ್ದರೆ ಆ ಕೋವಿಯನ್ನು ಅವರ ಹೆಸರಿಗೆ ಮಾಡಿಸಲು ಸಾಧ್ಯವೇ ಎಂದು ಅದೇ ಹೊತ್ತಿಗೆ ಕೇಳಿ.

ಅದೇ ತಿದ್ದುಪಡಿಯ ಇನ್ನೆರಡು ಅಂಶ: ಲೈಸೆನ್ಸ್ ಅವಧಿ 3 ವರ್ಷದಿಂದ 5 ವರ್ಷವಾಯಿತು. ಮದುವೆ, ಮೆರವಣಿಗೆಗಳಲ್ಲಿ ಸಂಭ್ರಮಕ್ಕೆಂದು ಈಡು ಹಾರಿಸಿ ಇತರರ ಜೀವಕ್ಕೆ ಅಪಾಯ ತಂದರೆ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ದೇವಸ್ಥಾನದ ಗರ್ನಾಲಿನ ವಿಷಯ ಬೇರೆ, ಅದು ಸ್ಫೋಟಕಗಳ ಕಾನೂನಿಗೆ ಸೇರಿದ್ದು.

ಪ್ರಶ್ನೆ: ಕಾಡುಹಂದಿ ಕಾಟಕ್ಕೆ ಬೇಸತ್ತು ಹೊಸ ಲೈಸೆನ್ಸಿಗೆ ಅರ್ಜಿ ಹಾಕಬೇಕೆಂದಿದ್ದೇನೆ. ಎರಡೂವರೆ ಎಕರೆ ಅಡಿಕೆ, ನಡುವೆ ಬಾಳೆ. ಯಾರಿಗೆ ಕೊಡಬೇಕು, ಏನೇನು ಬೇಕು? ‘ಈಗ ಯಾರಿಗೂ ಕೊಡುವುದಿಲ್ಲ’ ಎನ್ನುತ್ತಾರೆ.
(ಓದುಗರು, ಪುತ್ತೂರು)

ಉತ್ತರ: ಮಂಗಳೂರು ಪೊಲೀಸ್ ಕಮಿಷನರೇಟಿನ ಠಾಣೆಗಳ ವ್ಯಾಪ್ತಿಯವರಿಗೆ, ಅಂದರೆ ನಗರದ ಜೊತೆಗೆ ಉಳ್ಳಾಲ, ಕೊಣಾಜೆ, ಬಜ್ಪೆ, ಮೂಲ್ಕಿ, ಮೂಡುಬಿದಿರೆ ಕಡೆಯವರಿಗೆ, ಲೈಸೆನ್ಸ್ ಕೊಡುವವರು ಪೊಲೀಸ್ ಆಯುಕ್ತರು. ಪುತ್ತೂರು, ಸುಳ್ಯ, ಕಡಬ, ಬೆಳ್ತಂಗಡಿಯವರಿಗೆ ದಕ್ಷಿಣ ಕನ್ನಡದ ಜಿಲ್ಲಾಧಿಕಾರಿ. ಉಡುಪಿ ಜಿಲ್ಲೆಯವರಿಗೆ ಮಣಿಪಾಲದ ರಜತಾದ್ರಿಯಲ್ಲಿ ಕೂರುವ ಜಿಲ್ಲಾಧಿಕಾರಿ. ತಪ್ಪು ಕಚೇರಿಗೆ ಕೊಟ್ಟ ಅರ್ಜಿ ತಿಂಗಳುಗಟ್ಟಲೆ ಕಳೆದು ಹಿಂದೆ ಬರುತ್ತದೆ.

2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಅರ್ಜಿ ನಮೂನೆ ಎ-1. ಜೊತೆಗೆ ಬಿಳಿ ಹಿನ್ನೆಲೆಯ ಫೋಟೊ, ವಯಸ್ಸು, ಗುರುತು, ವಿಳಾಸದ ದಾಖಲೆ, ದೈಹಿಕ ಮತ್ತು ಮಾನಸಿಕ ಆರೋಗ್ಯದ ಬಗ್ಗೆ ವೈದ್ಯರ ಪ್ರಮಾಣಪತ್ರ (ನಮೂನೆ ಎಸ್-3), ಕೋವಿಯನ್ನು ಸುರಕ್ಷಿತವಾಗಿ ಬಳಸುವ ತರಬೇತಿಯ ಪ್ರಮಾಣಪತ್ರ (ನಮೂನೆ ಎಸ್-1), ಮನೆಯಲ್ಲಿ ಭದ್ರವಾಗಿ ಇಡುವ ವ್ಯವಸ್ಥೆಯ ಮುಚ್ಚಳಿಕೆ. ಬೆಳೆ ರಕ್ಷಣೆಗಾದರೆ ಆರ್‌ಟಿಸಿ (ಪಹಣಿ) ಮತ್ತು ಬೆಳೆಯ ವಿವರ. ವಯಸ್ಸು 21 ತುಂಬಿರಬೇಕು.

ಅರ್ಜಿ ಸೋಲುವುದು ಹೆಚ್ಚಾಗಿ ಒಂದು ಕಡೆ: ‘ಕಾಡುಪ್ರಾಣಿಗಳ ಹಾವಳಿ ಇದೆ’ ಎಂಬ ಒಂದೇ ಸಾಲಿನ ಕಾರಣ. ಯಾವ ಪ್ರಾಣಿ, ಯಾವ ಸರ್ವೆ ನಂಬರಿನಲ್ಲಿ, ಯಾವ ತಿಂಗಳಲ್ಲಿ, ಎಷ್ಟು ಬಾಳೆ ಬುಡ, ಎಷ್ಟು ಅಡಿಕೆ ಸಸಿ ಹೋಯಿತು ಎಂದು ಬರೆಯಬೇಕು. ಬೆಳೆ ಹಾನಿಯಾದಾಗಲೆಲ್ಲ ಅರಣ್ಯ ಇಲಾಖೆಯ ಆನ್‌ಲೈನ್ ವ್ಯವಸ್ಥೆ ಇ-ಪರಿಹಾರದಲ್ಲಿ ಅರ್ಜಿ ಹಾಕಿ. ಪರಿಹಾರದ ಮೊತ್ತ ಸಣ್ಣದೆಂದು ಬಿಡಬೇಡಿ. ನಿಮ್ಮ ತೋಟಕ್ಕೆ ಹಂದಿ ಬಂದದ್ದಕ್ಕೆ ಸರ್ಕಾರದ್ದೇ ಆದ ಸಾಕ್ಷಿ ಅದೊಂದೇ.

‘ಯಾರಿಗೂ ಕೊಡುವುದಿಲ್ಲ’ ಎಂಬುದಕ್ಕೆ ಕಾನೂನಿನ ಆಧಾರವಿಲ್ಲ. ಕಾಯ್ದೆಯ 13(3)ನೇ ಕಲಮು ಓದಿ. ನಿಜವಾದ ಬೆಳೆ ರಕ್ಷಣೆಗಾಗಿ ಬಾಯಿಂದ ಮದ್ದು ತುಂಬುವ ಕೋವಿಗೆ, ಅಥವಾ ರಕ್ಷಣೆ ಇಲ್ಲವೇ ಕ್ರೀಡೆಗಾಗಿ 20 ಇಂಚಿಗೆ ಕಡಿಮೆಯಿಲ್ಲದ ನಳಿಗೆಯ ನಯನಳಿಗೆ (ಒಳಗೆ ಸುರುಳಿ ಗೀರುಗಳಿಲ್ಲದ) ಕೋವಿಗೆ ಅರ್ಜಿ ಬಂದರೆ, ನಿರಾಕರಣೆಯ ಕಾರಣಗಳಿಲ್ಲದಿದ್ದಲ್ಲಿ, ಲೈಸೆನ್ಸ್ ‘ಕೊಡತಕ್ಕದ್ದು’ ಎಂದಿದೆ. ಪಿಸ್ತೂಲಿಗಾದರೆ ‘ಸೂಕ್ತ ಕಾರಣವಿದೆ’ ಎಂದು ಅಧಿಕಾರಿಗೆ ಮನವರಿಕೆಯಾಗಬೇಕು. ಈ ವ್ಯತ್ಯಾಸವೇ ರೈತನ ಬಲ. ಕೇಪಿನ ಕೋವಿಯಿಂದ ಬೆಳೆ ಉಳಿಸಲಾಗದು ಎಂದು ತೋರಿಸಿಕೊಟ್ಟರೆ ತೋಟೆಕೋವಿಗೂ ಲೈಸೆನ್ಸ್ ಕೊಡಬಹುದು ಎಂದು ಅದೇ ಕಲಮು ಹೇಳುತ್ತದೆ. ‘ನಿನಗಿರುವ ಆಸ್ತಿ ಸಾಲದು’ ಎಂಬುದೊಂದನ್ನೇ ಕಾರಣವಾಗಿಸಿ ತಿರಸ್ಕರಿಸುವಂತಿಲ್ಲ, ಅದು 14ನೇ ಕಲಮು.

ಠಾಣೆಯ ವರದಿ ಬರದೆ ಅರ್ಜಿ ಕೊಳೆಯುವುದು ಎಲ್ಲರೂ ಹೇಳುವ ದೂರು. ನಿಗದಿತ ಅವಧಿಯಲ್ಲಿ ವರದಿ ಬಾರದಿದ್ದರೆ ಅದಕ್ಕೆ ಕಾಯದೆ ಆದೇಶ ಮಾಡಬಹುದು ಎಂದು ಕಾಯ್ದೆಯೇ ಹೇಳಿದೆ. ಇದನ್ನು ಉಲ್ಲೇಖಿಸಿ ನೆನಪೋಲೆ ಬರೆಯಿರಿ, ಸ್ವೀಕೃತಿ ಪಡೆಯಿರಿ. ತಿರಸ್ಕರಿಸಿದರೆ ಕಾರಣ ಬರೆದ ಆದೇಶ ಕೇಳಿ. ಮೇಲ್ಮನವಿಗೆ 30 ದಿನ ಮಾತ್ರ ಇದೆ. ಬಾಯಿಮಾತಿನ ‘ಆಗುವುದಿಲ್ಲ’ಕ್ಕೆ ಮೇಲ್ಮನವಿ ಹಾಕಲು ಬರುವುದಿಲ್ಲ.

ಪ್ರಶ್ನೆ: ಎಲ್ಲ ಕಾಗದವೂ ಸರಿ ಇದೆ, ಪೊಲೀಸ್ ವರದಿಯೂ ಅನುಕೂಲವಾಗಿದೆ, ಆದರೂ ಕಡತ ಅರಣ್ಯ ಇಲಾಖೆಯಲ್ಲಿ ನಿಂತಿದೆ. ಅವರಿಗೇನು ಸಂಬಂಧ?
(ಓದುಗರು, ಹೆಬ್ರಿ)

ಉತ್ತರ: ಸಂಬಂಧವಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 34ನೇ ಕಲಮಿನ ಪ್ರಕಾರ ಅಭಯಾರಣ್ಯದ 10 ಕಿಲೋಮೀಟರ್ ಒಳಗೆ ಹೊಸ ಕೋವಿ ಲೈಸೆನ್ಸಿಗೆ ಮುಖ್ಯ ವನ್ಯಜೀವಿ ಪರಿಪಾಲಕರ ಪೂರ್ವ ಒಪ್ಪಿಗೆ ಬೇಕು. ಹೆಬ್ರಿ ಕಡೆಗೆ ಸೋಮೇಶ್ವರ, ಕೊಲ್ಲೂರು ಕಡೆಗೆ ಮೂಕಾಂಬಿಕಾ, ಸುಬ್ರಹ್ಮಣ್ಯದತ್ತ ಪುಷ್ಪಗಿರಿ, ಕಾರ್ಕಳ ಮತ್ತು ಬೆಳ್ತಂಗಡಿಯ ಮೇಲುಭಾಗಕ್ಕೆ ಕುದುರೆಮುಖ ರಾಷ್ಟ್ರೀಯ ಉದ್ಯಾನ. ಹೀಗೆ ಘಟ್ಟದ ಬುಡದ ಹಳ್ಳಿಗಳು ಅನೇಕ ಈ ಪರಿಧಿಯಲ್ಲಿವೆ. ಅರ್ಜಿಯಲ್ಲೇ ಗಡಿಯಿಂದ ನಿಮ್ಮ ಜಾಗಕ್ಕಿರುವ ದೂರವನ್ನು ನಕ್ಷೆ ಸಹಿತ ತೋರಿಸಿ. ಹಳೆಯ ಲೈಸೆನ್ಸ್ ಇದ್ದವರೂ ಈ ಪರಿಧಿಯಲ್ಲಿದ್ದರೆ ಅರಣ್ಯ ಇಲಾಖೆಯಲ್ಲಿ ಹೆಸರು ನೋಂದಾಯಿಸಬೇಕು. ಹೆಚ್ಚಿನವರು ಮಾಡಿಲ್ಲ. ನವೀಕರಣದ ಹೊತ್ತಿಗೆ ಇದು ಎದ್ದು ಬರುತ್ತದೆ.

ಪ್ರಶ್ನೆ: ಲೈಸೆನ್ಸಿನಲ್ಲಿ ‘ಬೆಳೆ ರಕ್ಷಣೆಗೆ’ ಎಂದೇ ಬರೆದಿದೆ. ಹಾಗಾದರೆ ತೋಟಕ್ಕೆ ಬಂದ ಹಂದಿಗೋ ಮಂಗನಿಗೋ ಹೊಡೆದರೆ ತಪ್ಪೇನು?
(ಕೃಷಿಕರು, ಕಡಬ)

ಉತ್ತರ: ಇಲ್ಲಿಯೇ ಹೆಚ್ಚು ಜನ ಎಡವುವುದು. ಕೋವಿ ಇಟ್ಟುಕೊಳ್ಳಲು ಒಂದು ಅನುಮತಿ, ಅದನ್ನು ಹೊರಗೆ ಒಯ್ಯಲು ಒಂದು ಮಿತಿ, ಪ್ರಾಣಿಯನ್ನು ಕೊಲ್ಲಲು ಮೂರನೆಯ ಅನುಮತಿ. ಜಿಲ್ಲಾಧಿಕಾರಿ ಕೊಟ್ಟ ಪುಸ್ತಕದಲ್ಲಿ ಮೊದಲ ಎರಡು ಇವೆ. ಮೂರನೆಯದು ವನ್ಯಜೀವಿ ಕಾಯ್ದೆಯಡಿ ಬೇರೆಯೇ ಸಿಗಬೇಕು. ಅದಿಲ್ಲದೆ ಕೋವಿಯ ಕೆಲಸ ಸದ್ದು ಮಾಡಿ ಓಡಿಸುವುದಷ್ಟೇ.

2022ರ ತಿದ್ದುಪಡಿಯ ಬಳಿಕ ಕಾಡುಹಂದಿ ಆ ಕಾಯ್ದೆಯ ಎರಡನೇ ಅನುಸೂಚಿಯಲ್ಲಿ, ಅಂದರೆ ಸಂರಕ್ಷಿತ ಪ್ರಾಣಿಗಳ ಎರಡನೇ ಪಟ್ಟಿಯಲ್ಲಿ, ಇದೆ. ನಮ್ಮ ತೋಟಗಳಿಗೆ ಬರುವ ಮಂಗ, ಅಂದರೆ ಬಾನೆಟ್ ಮಕಾಕ್, ಮೊದಲನೇ ಅನುಸೂಚಿಯಲ್ಲಿದೆ. ನವಿಲು, ಕಾಡುಕೋಣ, ಆನೆಯೂ ಅಲ್ಲೇ. ಮೊದಲನೇ ಅನುಸೂಚಿಯ ಪ್ರಾಣಿಯನ್ನು ಕೊಂದರೆ 3ರಿಂದ 7 ವರ್ಷ ಜೈಲು, ಕನಿಷ್ಠ 25,000 ರೂಪಾಯಿ ದಂಡ. ಶಿಕ್ಷೆಯಾದರೆ ಆ ಕೋವಿಯ ಲೈಸೆನ್ಸ್ ರದ್ದು, ಮುಂದೆ 5 ವರ್ಷ ಹೊಸದೂ ಸಿಗದು. ‘ನನ್ನ ಜಾಗದೊಳಗೇ ಹೊಡೆದದ್ದು’ ಎಂಬ ವಾದ ನಿಲ್ಲುವುದಿಲ್ಲ.

ಹಂದಿಯ ವಿಷಯದಲ್ಲಿ 11ನೇ ಕಲಮಿನ ದಾರಿ ಇದೆ. ಎರಡನೇ ಅನುಸೂಚಿಯ ಪ್ರಾಣಿ ಜೀವಕ್ಕೋ ನಿಂತ ಬೆಳೆಗೋ ಅಪಾಯವಾಗಿದ್ದರೆ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರಿಂದ ಅಧಿಕಾರ ಪಡೆದ ಅಧಿಕಾರಿ ಕಾರಣ ಬರೆದು, ಲಿಖಿತವಾಗಿ ಅನುಮತಿಸಬಹುದು. ವಲಯ ಅರಣ್ಯಾಧಿಕಾರಿಗೆ ಹಾನಿಯ ಫೋಟೊ ಸಹಿತ ಅರ್ಜಿ ಕೊಡಿ, ಸ್ವೀಕೃತಿ ಇಟ್ಟುಕೊಳ್ಳಿ, ಆದೇಶ ಕೈಗೆ ಬರುವವರೆಗೆ ಪ್ರಾಣಿಯತ್ತ ಗುರಿ ಇಡಬೇಡಿ. ಮೈಮೇಲೆ ಎರಗಿದ ಪ್ರಾಣಿಯಿಂದ ಜೀವ ಉಳಿಸಿಕೊಳ್ಳಲು ಹೊಡೆದದ್ದು ಅಪರಾಧವಲ್ಲ, ಆದರೆ ಸತ್ತ ಪ್ರಾಣಿ ಸರ್ಕಾರದ್ದು. ಕೂಡಲೇ ತಿಳಿಸಬೇಕು. ಪಾತ್ರೆಗೆ ಬಿದ್ದ ಮಾಂಸ ಆತ್ಮರಕ್ಷಣೆಯ ವಾದವನ್ನು ಅಲ್ಲಿಗೇ ಮುಗಿಸುತ್ತದೆ.

ಇನ್ನೊಂದು ಮಾತು, ಇದನ್ನು ದಯವಿಟ್ಟು ಮನೆಯ ಎಲ್ಲರಿಗೂ ಓದಿ ಹೇಳಿ. ಹಂದಿಯ ದಾರಿಯಲ್ಲಿ ಕೋವಿ ಕಟ್ಟಿಡುವ ಪದ್ಧತಿ ಕೆಲವೆಡೆ ಇನ್ನೂ ಇದೆ. ಆ ದಾರಿಯಲ್ಲಿ ಮುಂಜಾನೆ ಸೊಪ್ಪು ತರಲು ಹೋಗುವವರಿದ್ದಾರೆ, ನೀರು ತಿರುಗಿಸಲು ಹೋಗುವವರಿದ್ದಾರೆ. ಕಟ್ಟಿದ ಕೋವಿಗೆ ಹಂದಿ ಯಾವುದು, ಮನುಷ್ಯ ಯಾರು ಎಂದು ತಿಳಿಯುವುದಿಲ್ಲ.

ಪ್ರಶ್ನೆ: ಪ್ರತಿ ಚುನಾವಣೆಗೂ ಕೋವಿ ಠಾಣೆಗೆ ಕೊಡಿ ಎಂದು ಹೇಳಿ ಕಳುಹಿಸುತ್ತಾರೆ. ಕೊಡಲೇಬೇಕೇ? ಕೋವಿ ಇಲ್ಲವೆಂದು ಹಂದಿಗೆ ಗೊತ್ತಾದಂತೆ ತೋಟ ಬಗೆಯುತ್ತದೆ.
(ಬೆಳ್ಳಾರೆ, ಕಾರ್ಕಳ, ಸಿದ್ದಾಪುರದಿಂದ ಮೂವರು)

ಉತ್ತರ: ಎಲ್ಲರೂ ಕೊಡಲೇಬೇಕು ಎಂದು ಚುನಾವಣಾ ಆಯೋಗ ಹೇಳಿಲ್ಲ. ಗೋವಾದ ಒಂದು ಪ್ರಕರಣದಲ್ಲಿ ಬಾಂಬೆ ಹೈಕೋರ್ಟ್ ನೀಡಿದ ಆದೇಶವನ್ನು ಅನುಸರಿಸಿ ಆಯೋಗ 2009ರ ಸೆಪ್ಟೆಂಬರ್‌ನಲ್ಲಿ ಸೂಚನೆ ಹೊರಡಿಸಿತು. ಅದರ ಪ್ರಕಾರ ಪ್ರತಿ ಜಿಲ್ಲೆಯಲ್ಲೂ ಜಿಲ್ಲಾ ದಂಡಾಧಿಕಾರಿ ಮತ್ತು ಪೊಲೀಸ್ ಮುಖ್ಯಸ್ಥರಿರುವ ಪರಿಶೀಲನಾ ಸಮಿತಿ, ಅಂದರೆ ಸ್ಕ್ರೀನಿಂಗ್ ಕಮಿಟಿ, ಇರಬೇಕು. ಅದು ನೋಡಬೇಕಾದದ್ದು ಮುಖ್ಯವಾಗಿ ಮೂರು ಬಗೆಯವರನ್ನು: ಜಾಮೀನಿನ ಮೇಲೆ ಹೊರಗಿರುವವರು, ಅಪರಾಧದ ಇತಿಹಾಸ ಇರುವವರು, ಹಿಂದೆ ದೊಂಬಿಯಲ್ಲಿ, ವಿಶೇಷವಾಗಿ ಚುನಾವಣೆ ಸಮಯದ ದೊಂಬಿಯಲ್ಲಿ, ಭಾಗಿಯಾದವರು. ಸಮಿತಿಯ ಕೆಲಸ ಚುನಾವಣೆ ಘೋಷಣೆಯ ದಿನ ಶುರುವಾಗಿ, ಸಾಧ್ಯವಾದಷ್ಟೂ ಅಧಿಸೂಚನೆಯ ಮೊದಲು ಮುಗಿಯಬೇಕು. ಯಾರ ಕೋವಿ ಬೇಕೋ ಅವರಿಗೆ ವೈಯಕ್ತಿಕ ನೋಟಿಸ್ ಬರಬೇಕು. ನೋಟಿಸ್ ತಲುಪಿದ 7 ದಿನದೊಳಗೆ ಇರಿಸಿ ರಸೀದಿ ಪಡೆಯಬೇಕು. ಫಲಿತಾಂಶ ಬಂದು ಒಂದು ವಾರವಾದ ಕೂಡಲೇ ಅವರು ಹಿಂದಿರುಗಿಸಬೇಕು.

ನೋಟಿಸ್ ಬಂದರೆ ವಾದಿಸುತ್ತ ಕೋವಿಯನ್ನು ಮನೆಯಲ್ಲಿ ಉಳಿಸಿಕೊಳ್ಳಬೇಡಿ, ಆದೇಶ ಮೀರಿದ್ದಕ್ಕೇ ಮೊಕದ್ದಮೆ ಆಗುತ್ತದೆ. ವಾದ ಅದಕ್ಕೆ ಮೊದಲು ಆಗಬೇಕು. ಘೋಷಣೆಯಾದ ದಿನವೇ ಸಮಿತಿಗೆ ವಿನಾಯಿತಿ ಅರ್ಜಿ ಕೊಡಿ. ಲೈಸೆನ್ಸ್ ಪ್ರತಿ, ಆರ್‌ಟಿಸಿ, ಹಿಂದಿನ ಬೆಳೆ ಹಾನಿಯ ಅರ್ಜಿಗಳ ಪ್ರತಿ, ನಿಮ್ಮ ಮೇಲೆ ಯಾವುದೇ ಪ್ರಕರಣ ಇಲ್ಲವೆಂಬ ಘೋಷಣೆ ಇಷ್ಟು ಸಾಕು. ‘ಇಡೀ ತಾಲೂಕಿನ ಪರವಾಗಿ’ ಎಂಬ ಸಾಮೂಹಿಕ ಮನವಿಗಿಂತ ಒಬ್ಬೊಬ್ಬರದೂ ಬೇರೆ ಬೇರೆ ಅರ್ಜಿ ಇರುವುದು ಮೇಲು, ಏಕೆಂದರೆ ಸಮಿತಿ ಪರಿಶೀಲಿಸಬೇಕಾದದ್ದೇ ಒಬ್ಬೊಬ್ಬರನ್ನು. ಯಾರನ್ನೂ ನೋಡದೆ ಎಲ್ಲರಿಗೂ ಒಂದೇ ಆದೇಶ ಹೊರಟರೆ ಅದನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಲು ಆಗ ನಿಮ್ಮ ಕೈಯಲ್ಲಿ ಕಾಗದ ಇರುತ್ತದೆ.

ಅವಧಿ ಸಣ್ಣದಲ್ಲ ಎಂಬುದು ಅಧಿಕಾರಿಗಳಿಗೂ ತಿಳಿಯಬೇಕು. 2024ರಲ್ಲಿ ಲೋಕಸಭಾ ಚುನಾವಣೆ ಘೋಷಣೆಯಾದದ್ದು ಮಾರ್ಚ್ 16ಕ್ಕೆ. ನಮ್ಮ ಎರಡೂ ಕ್ಷೇತ್ರಗಳಲ್ಲಿ (ದಕ್ಷಿಣ ಕನ್ನಡ, ಉಡುಪಿ-ಚಿಕ್ಕಮಗಳೂರು) ಏಪ್ರಿಲ್ 26ಕ್ಕೇ ಮತದಾನ ಮುಗಿದರೂ ಎಣಿಕೆ ಜೂನ್ 4ಕ್ಕೆ. ಒಂದು ವಾರ ಸೇರಿಸಿದರೆ 87 ದಿನ. ಬೇಸಗೆಯ ಬಾಳೆ, ಮಳೆಗೆ ಮೊದಲಿನ ಸಸಿ, ಎಲ್ಲ ಆ ದಿನಗಳಲ್ಲೇ.

ಇರಿಸುವಾಗ ಕೋವಿಯ ಎರಡೂ ಬದಿ, ನಂಬರು, ಮರದ ಹಿಡಿಯ ಫೋಟೊ ತೆಗೆದಿಡಿ. ರಸೀದಿಯಲ್ಲಿ ನಂಬರಿನ ಜೊತೆಗೆ ಸ್ಥಿತಿಯನ್ನೂ ಬರೆಸಿ. ನಳಿಗೆಗೆ ಒಳಗೂ ಹೊರಗೂ ಗ್ರೀಸ್ ಸವರಿ ಕೊಡಿ. ಮೂರು ತಿಂಗಳು ಠಾಣೆಯ ಮೂಲೆಯಲ್ಲಿ ನಿಂತ ಕೋವಿಗೆ ತುಕ್ಕು ಹಿಡಿಯಲು ಕರಾವಳಿಯ ಗಾಳಿ ಸಾಕು.

ಪ್ರಶ್ನೆ: ಪಿಸ್ತೂಲಿಗೆ ಲೈಸೆನ್ಸ್ ಇದೆ. ಅಂಗಡಿ ಹಣ ಬ್ಯಾಂಕಿಗೆ ಒಯ್ಯುವಾಗ ಅಂಗಿಯೊಳಗೆ ಅಡಗಿಸಿ ಇಟ್ಟುಕೊಂಡರೆ ಕಾನೂನುಬಾಹಿರವೇ? ಕಾಣುವಂತೆ ಇಡಬೇಕೇ?
(ವ್ಯಾಪಾರಿ, ಮಂಗಳೂರು)

ಉತ್ತರ: ಕಾಣುವಂತೆ ಇಡುವುದೇ ತಪ್ಪು. 2016ರ ನಿಯಮ 32ರ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಕೈಬಂದೂಕು ಅದಕ್ಕೆಂದೇ ಮಾಡಿದ ಒರೆಯಲ್ಲೋ ಚೀಲದಲ್ಲೋ ಇದ್ದು ಪೂರ್ತಿ ಮುಚ್ಚಿರಬೇಕು, ಒಯ್ಯುವವರ ಹಿಡಿತದಲ್ಲೇ ಇರಬೇಕು. ಉದ್ದ ಕೋವಿಗೂ ಅದೇ, ಮುಚ್ಚಿದ ಚೀಲ ಬೇಕು. ಬರೀ ಅಂಗಿಯೊಳಗೆ, ಸೊಂಟದ ಪಟ್ಟಿಗೆ ಸಿಕ್ಕಿಸಿದರೆ ‘ಒರೆಯಲ್ಲಿ’ ಎಂದಾಗುವುದಿಲ್ಲ. ಸ್ಕೂಟರಿನ ಡಿಕ್ಕಿಯಲ್ಲಿ ಬಿಟ್ಟು ಬ್ಯಾಂಕಿಗೆ ಹೋದರೆ ‘ಹಿಡಿತದಲ್ಲಿ’ ಎಂದಾಗುವುದಿಲ್ಲ. ಹೊರತೆಗೆದು ತೋರಿಸುವುದು, ಬೀಸುವುದು ಲೈಸೆನ್ಸ್ ರದ್ದತಿಗೆ ಕಾರಣ. ಜಾತ್ರೆ, ಧಾರ್ಮಿಕ ಮೆರವಣಿಗೆ, ಸಭೆ, ಶಾಲಾ ಕಾಲೇಜಿನ ಆವರಣಕ್ಕೆ ಒಯ್ಯಬಾರದು ಎಂದು ಲೈಸೆನ್ಸಿನ ಷರತ್ತಿನಲ್ಲೇ ಇದೆ. ಲೈಸೆನ್ಸಿನಲ್ಲಿ ನಮೂದಾದ ಪ್ರದೇಶವನ್ನೂ ನೋಡಿ. ಕರ್ನಾಟಕಕ್ಕೆ ಮಾತ್ರ ಎಂದಿದ್ದರೆ ಕೇರಳ ಗಡಿಯ ತಲಪಾಡಿ ದಾಟಿದ ಕ್ಷಣ ಅದು ಕೆಲಸಕ್ಕೆ ಬಾರದು.

ಪ್ರಶ್ನೆ: ಮಗ ಅಮೆರಿಕದ ಟೆಕ್ಸಾಸ್‌ನಲ್ಲಿ ಎಚ್-1ಬಿ (ಕೆಲಸದ) ವೀಸಾದಲ್ಲಿದ್ದಾನೆ. ಅಲ್ಲಿ ಬಂದೂಕು ಅಡಗಿಸಿ ಒಯ್ಯಲು ಈಗ ಪರ್ಮಿಟ್ಟೇ ಬೇಡವಂತೆ, ಇಡೀ ದೇಶಕ್ಕೆ ಒಂದೇ ಕಾನೂನು ಬರುತ್ತದಂತೆ. ಒಂದು ಕೊಳ್ಳುತ್ತೇನೆ ಎನ್ನುತ್ತಾನೆ. ಭಯವಾಗುತ್ತಿದೆ.
(ತಾಯಿ, ಉಡುಪಿ)

ಉತ್ತರ: ಕೊಳ್ಳಬೇಡ ಎಂದು ಇವತ್ತು ರಾತ್ರಿಯೇ ಫೋನ್ ಮಾಡಿ ಹೇಳಿ. ಟೆಕ್ಸಾಸ್‌ನಲ್ಲಿ 2021ರ ಸೆಪ್ಟೆಂಬರ್ 1ರಿಂದ 21 ವರ್ಷ ತುಂಬಿದವರು ಪರ್ಮಿಟ್ ಇಲ್ಲದೆ ಕೈಬಂದೂಕು ಒಯ್ಯಬಹುದು ಎಂಬುದು ಸರಿ. ಆದರೆ ಬಂದೂಕು ಹೊಂದಲು ಬೇರೆ ಕಾನೂನಿನ ಅಡ್ಡಿಯಿಲ್ಲದವರಿಗೆ ಮಾತ್ರ ಅದು ಅನ್ವಯ. ಎಚ್-1ಬಿ, ವಿದ್ಯಾರ್ಥಿ, ಪ್ರವಾಸಿ ವೀಸಾದಂಥ ತಾತ್ಕಾಲಿಕ ವೀಸಾದಲ್ಲಿ ಬಂದವರು ಬಂದೂಕು, ಮದ್ದುಗುಂಡು ಹೊಂದುವುದನ್ನೇ ಅಮೆರಿಕದ ಒಕ್ಕೂಟ ಕಾನೂನು ನಿಷೇಧಿಸುತ್ತದೆ. ಕೊಳ್ಳುವುದಷ್ಟೇ ಅಲ್ಲ, ಗೆಳೆಯನದ್ದನ್ನು ಇಟ್ಟುಕೊಳ್ಳುವುದೂ ಅದರಲ್ಲೇ ಬರುತ್ತದೆ. 2022ರ ಬಳಿಕ ಇದಕ್ಕೆ 15 ವರ್ಷದವರೆಗೆ ಶಿಕ್ಷೆ ಇದೆ, ವೀಸಾಕ್ಕೂ ಕುತ್ತು. ಅಲ್ಲಿನ ರಾಜ್ಯವೊಂದರ ಊರ್ಜಿತ ಬೇಟೆ ಪರವಾನಗಿ ಇದ್ದವರಿಗೆ ಒಂದು ವಿನಾಯಿತಿ ಇದೆ. ಅದನ್ನು ಅಂತರ್ಜಾಲದಲ್ಲಿ ಓದಿ ನಂಬಿಕೊಂಡು ಮುನ್ನುಗ್ಗುವುದು ಬೇಡ, ವಲಸೆ ವಕೀಲರನ್ನು ಕೇಳಬೇಕು. ಗ್ರೀನ್ ಕಾರ್ಡ್ ಬಂದ ಮೇಲೆ ಈ ನಿಷೇಧ ಇರುವುದಿಲ್ಲ.

ಅಲ್ಲಿನ ಬದಲಾವಣೆಗಳ ಚಿತ್ರ ಹೀಗಿದೆ. ಒಯ್ಯುವ ಕಾನೂನು ರಾಜ್ಯದಿಂದ ರಾಜ್ಯಕ್ಕೆ ಬೇರೆ. ವರ್ಮಾಂಟ್‌ನಲ್ಲಿ ಮೊದಲಿನಿಂದಲೂ ಪರ್ಮಿಟ್ ಇಲ್ಲ, ಅಲಾಸ್ಕಾ 2003ರಲ್ಲಿ, ಅರಿಝೋನಾ 2010ರಲ್ಲಿ ಅದರ ಕಡ್ಡಾಯ ತೆಗೆದವು. 2024ರ ಹೊತ್ತಿಗೆ ಇಂಥ ರಾಜ್ಯಗಳು 29 ಆದವು. ‘ವಿಶೇಷ ಕಾರಣ’ ತೋರಿಸಿದರೆ ಮಾತ್ರ ಪರ್ಮಿಟ್ ಎಂಬ ನ್ಯೂಯಾರ್ಕಿನ ನಿಯಮವನ್ನು ಅಲ್ಲಿನ ಸುಪ್ರೀಂ ಕೋರ್ಟ್ 2022ರ ಜೂನ್ 23ರಂದು ರದ್ದು ಮಾಡಿತು. ಕೆಲವೇ ದಿನಗಳಲ್ಲಿ ನ್ಯೂಯಾರ್ಕ್ ಹೊಸ ಕಾನೂನು ತಂದು, 16 ಗಂಟೆ ತರಗತಿ, 2 ಗಂಟೆ ಗುಂಡು ಹಾರಿಸುವ ತರಬೇತಿ ಕಡ್ಡಾಯ ಮಾಡಿತು, ಟೈಮ್ಸ್ ಸ್ಕ್ವೇರ್‌ನಂಥ ಜಾಗಗಳಲ್ಲಿ ಒಯ್ಯುವುದನ್ನು ನಿಷೇಧಿಸಿತು. ಒಂದು ರಾಜ್ಯದ ಪರ್ಮಿಟ್ಟನ್ನು ಎಲ್ಲ ರಾಜ್ಯಗಳೂ ಮಾನ್ಯ ಮಾಡಬೇಕೆಂಬ ಮಸೂದೆಗೆ ಪ್ರತಿನಿಧಿ ಸಭೆ 2017ರ ಡಿಸೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಿತ್ತು, ಸೆನೆಟ್‌ನಲ್ಲಿ ಅದು ಮುಂದೆ ಹೋಗಲಿಲ್ಲ. ಅಂಥದ್ದು ಮುಂದೆ ಬಂದರೂ ವೀಸಾದವರ ಮೇಲಿನ ನಿಷೇಧ ಅದರಿಂದ ತಾನಾಗಿ ಸಡಿಲುವುದಿಲ್ಲ.

ಮಗ ಊರಿಗೆ ಬರುವಾಗ ಶೂಟಿಂಗ್ ರೇಂಜಿನ ನೆನಪಿಗೆಂದು ಜೀವಂತ ತೋಟೆ ಒಂದನ್ನೂ ಚೀಲದಲ್ಲಿ ತರದಿರಲಿ. ವಿಮಾನ ನಿಲ್ದಾಣದ ಎಕ್ಸ್‌ರೇಯಲ್ಲಿ ಕಂಡರೆ ನಮ್ಮ ಶಸ್ತ್ರಾಸ್ತ್ರ ಕಾಯ್ದೆಯಡಿ ಪ್ರಕರಣ ದಾಖಲಾಗುತ್ತದೆ. ‘ಚೀಲದಲ್ಲಿ ಇದ್ದದ್ದೇ ತಿಳಿಯದು’ ಎಂಬುದನ್ನು ನ್ಯಾಯಾಲಯಗಳು ಕೇಳುತ್ತವೆ, ಆದರೆ ಅದು ಬಗೆಹರಿಯುವಷ್ಟರಲ್ಲಿ ಮರಳುವ ವಿಮಾನ ಹೋಗಿರುತ್ತದೆ.

ಪ್ರಶ್ನೆ: ತಂದೆಗೆ 74. ಕೋವಿ ಎತ್ತಲು ಆಗುವುದಿಲ್ಲ. ನನ್ನ ಹೆಸರಿಗೆ ಮಾಡಿಸಬಹುದೇ, ಅಥವಾ ಅವರ ಕಾಲಾನಂತರವೇ?
(ಓದುಗರು, ಕುಂದಾಪುರ)

ಉತ್ತರ: ಈಗಲೇ ಮಾಡಿಸಬಹುದು. ಲೈಸೆನ್ಸ್‌ದಾರರಿಗೆ 70 ವರ್ಷ ತುಂಬಿದರೆ ಅಥವಾ ಕೋವಿ 25 ವರ್ಷ ಅವರಲ್ಲಿದ್ದರೆ, ಅವರು ಬದುಕಿರುವಾಗಲೇ ತಾವು ಹೆಸರಿಸಿದ ವಾರಸುದಾರರಿಗೆ ಲೈಸೆನ್ಸ್ ಕೊಡಲು ನಿಯಮ 25ರಲ್ಲಿ ಅವಕಾಶವಿದೆ. ಮಗಳು, ಸೊಸೆ, ಅಳಿಯ, ಮೊಮ್ಮಕ್ಕಳೂ ವಾರಸುದಾರರೇ. ಇತರ ವಾರಸುದಾರರಿಂದ ಆಕ್ಷೇಪವಿಲ್ಲವೆಂಬ ಪತ್ರ ಮೊದಲೇ ಮಾಡಿಸಿ. ಅಣ್ಣತಮ್ಮಂದಿರ ಮನಸ್ತಾಪದಲ್ಲಿ ಸಿಕ್ಕಿಕೊಂಡ ಕೋವಿ ಹೊರಬರುವುದಿಲ್ಲ.

ತಂದೆ ತೀರಿಕೊಂಡ ಬಳಿಕವಾದರೆ ಕೋವಿಯನ್ನು ತಡಮಾಡದೆ ಠಾಣೆಯಲ್ಲೋ ವ್ಯಾಪಾರಿಯಲ್ಲೋ ಇರಿಸಿ, ನಂತರ ಅರ್ಜಿ ಹಾಕಬೇಕು. ಉತ್ತರಕ್ರಿಯೆ ಮುಗಿಯಲಿ, ವರ್ಷಾಂತ ಕಳೆಯಲಿ ಎಂದು ಅಟ್ಟದಲ್ಲಿ ಬಿಟ್ಟರೆ ಅಷ್ಟು ದಿನವೂ ಅದು ಲೈಸೆನ್ಸ್ ಇಲ್ಲದ ಕೋವಿ.

ತಂದೆಯ ಕೋವಿಯನ್ನು ರಿಪೇರಿಗೋ ನವೀಕರಣಕ್ಕೋ ನೀವು ಒಯ್ಯಬಹುದು, ಆದರೆ ಅವರ ಸಹಿಯ ಅಧಿಕಾರಪತ್ರ ಕೈಯಲ್ಲಿರಬೇಕು. ಕೋವಿಯ ನಂಬರು, ಲೈಸೆನ್ಸಿನ ಯುಐಎನ್ (ವಿಶಿಷ್ಟ ಗುರುತಿನ) ಸಂಖ್ಯೆ, ಎಲ್ಲಿಗೆ, ಯಾವ ದಿನ, ಯಾತಕ್ಕೆ ಎಂದು ಅದರಲ್ಲಿ ಬರೆದಿರಲಿ. ಯುಐಎನ್ ಇಲ್ಲದ ಹಳೆಯ ಪುಸ್ತಕವಾದರೆ ಮೊದಲು ಕಚೇರಿಯಲ್ಲಿ ವಿಚಾರಿಸಿ, ಆ ಸಂಖ್ಯೆಯಿಲ್ಲದ ಲೈಸೆನ್ಸ್ ಈಗ ಊರ್ಜಿತವಲ್ಲ. ನವೀಕರಣದ ಅರ್ಜಿಯನ್ನು ಅವಧಿ ಮುಗಿಯುವ 60 ದಿನ ಮೊದಲೇ ಹಾಕಿ.

ಪ್ರಶ್ನೆ: ಹೆಂಡತಿಯ ಮನೆ ಮಡಿಕೇರಿ, ಕೊಡವರು. ಅವರಿಗೆ ಲೈಸೆನ್ಸೇ ಬೇಡವಂತೆ. ಅಳಿಯನಾದ ನನಗೂ ಅನ್ವಯವೇ?
(ಓದುಗರು, ಸುಳ್ಯ)

ಉತ್ತರ: ಇಲ್ಲ. ವಿನಾಯಿತಿ ಇರುವುದು ಕೊಡವ ಜನಾಂಗದವರಿಗೆ ಮತ್ತು ಕೊಡಗಿನ ಜಮ್ಮಾ (ವಂಶಪಾರಂಪರ್ಯ) ಹಿಡುವಳಿದಾರರಿಗೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು, ಹೈಕೋರ್ಟ್ 2021ರಲ್ಲಿ ಎತ್ತಿಹಿಡಿಯಿತು. ನಿಮ್ಮ ಪತ್ನಿಗೆ ಅದು ಹುಟ್ಟಿನಿಂದ ಬಂದದ್ದು, ಮದುವೆಯಿಂದ ನಿಮಗೆ ಬರುವುದಿಲ್ಲ.

ಪ್ರಶ್ನೆ: ಏರ್‌ಗನ್‌ಗೆ ಲೈಸೆನ್ಸ್ ಬೇಕೇ? ಮಗಳು ಪೆಪ್ಪರ್ ಸ್ಪ್ರೇ ಇಟ್ಟುಕೊಳ್ಳಬಹುದೇ?
(ಓದುಗರು, ಸುರತ್ಕಲ್)

ಉತ್ತರ: ಏರ್‌ಗನ್ನಿನ ರಂಧ್ರ 0.177 ಇಂಚು (4.5 ಮಿಲಿಮೀಟರ್) ಮೀರದೆ, ಶಕ್ತಿ 20 ಜೌಲ್ ಮೀರದಿದ್ದರೆ ಲೈಸೆನ್ಸ್ ಬೇಡ. ಇವೆರಡರಲ್ಲಿ ಒಂದು ಮೀರಿದರೂ ಬೇಕು. ಖರೀದಿಯ ಬಿಲ್ಲು ಮತ್ತು ಪೆಟ್ಟಿಗೆಯ ಮೇಲಿನ ವಿವರ ಜೋಪಾನ ಮಾಡಿ. ಅದರಿಂದ ನವಿಲಿಗೋ ಮಂಗನಿಗೋ ಹೊಡೆದರೂ ವನ್ಯಜೀವಿ ಕಾಯ್ದೆಯ ದೃಷ್ಟಿಯಲ್ಲಿ ಅದು ಬೇಟೆಯೇ. ಪೆಪ್ಪರ್ ಸ್ಪ್ರೇಗೆ ಶಸ್ತ್ರಾಸ್ತ್ರ ಲೈಸೆನ್ಸ್ ಬೇಡ. ವಿಮಾನದ ಕೈಚೀಲದಲ್ಲಿ ಮಾತ್ರ ಬಿಡುವುದಿಲ್ಲ. ಜಗಳದಲ್ಲಿ ಅದನ್ನು ಎರಚಿದ ಪ್ರಕರಣವೊಂದರಲ್ಲಿ ಎಫ್‌ಐಆರ್ ರದ್ದು ಮಾಡಲು ಕರ್ನಾಟಕ ಹೈಕೋರ್ಟ್ 2024ರಲ್ಲಿ ಒಪ್ಪಲಿಲ್ಲ ಎಂಬುದು ನೆನಪಿರಲಿ. ಅಪಾಯದಿಂದ ಪಾರಾಗಲು ಮಾತ್ರ ಅದು.

ಪ್ರಶ್ನೆ: ಮಳೆಗಾಲದಲ್ಲಿ ಕೋವಿ ಎಷ್ಟು ಒರೆಸಿದರೂ ತುಕ್ಕು. ಕಳೆದ ವರ್ಷ ಈಡು ಹೊತ್ತಿಕೊಳ್ಳಲೇ ಇಲ್ಲ.
(ಕೃಷಿಕರು, ಬ್ರಹ್ಮಾವರ)

ಉತ್ತರ: ಕೇಪಿನ ಕೋವಿಯಲ್ಲಿ ಕರಿಮದ್ದು ಸುಟ್ಟ ಬಳಿಕ ಉಳಿಯುವ ಮಸಿ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಎಣ್ಣೆ ಬಟ್ಟೆಯಲ್ಲಿ ಒರೆಸಿದರೆ ಅದು ಹೋಗುವುದಿಲ್ಲ, ಎಣ್ಣೆಯ ಅಡಿಯಲ್ಲೇ ಕುಳಿತು ಕಬ್ಬಿಣ ತಿನ್ನುತ್ತದೆ. ಹಾರಿಸಿದ ದಿನವೇ ನಳಿಗೆಯನ್ನು ಬಿಸಿನೀರಿನಲ್ಲಿ ತೊಳೆದು, ಒಣ ಬಟ್ಟೆ ಬೆಳ್ಳಗೆ ಬರುವವರೆಗೆ ಒರೆಸಿ, ಪೂರ್ತಿ ಆರಿದ ಮೇಲೆ ತೆಳುವಾಗಿ ಹೊಲಿಗೆ ಯಂತ್ರದ ಎಣ್ಣೆ ಸವರಿ. ತೆಂಗಿನೆಣ್ಣೆ ಬೇಡ, ಅದು ಕ್ರಮೇಣ ಅಂಟಾಗಿ ಕೋವಿಯ ಕುದುರೆಯನ್ನೂ (ಈಡು ಹಾರಿಸುವ ಭಾಗ) ಬಿಗಿಹಿಡಿಯುತ್ತದೆ. ಚರ್ಮದ ಅಥವಾ ದಪ್ಪ ಬಟ್ಟೆಯ ಚೀಲದಲ್ಲಿ ಇಟ್ಟು ಮಳೆಗಾಲ ಕಳೆಯಬೇಡಿ, ಚೀಲವೇ ತೇವ ಹಿಡಿದಿಡುತ್ತದೆ. ಬೀಗದ ಕಪಾಟಿನಲ್ಲಿ ಖಾಲಿ ಕೋವಿ, ಬೇರೆ ಬೀಗದಲ್ಲಿ ತೋಟೆ, ಎರಡರಲ್ಲೂ ಸಿಲಿಕಾ ಜೆಲ್ ಪೊಟ್ಟಣ. ಕಾಗದದ ತೋಟೆ ತೇವಕ್ಕೆ ಉಬ್ಬುತ್ತದೆ. ಉಬ್ಬಿದ್ದನ್ನು ಒತ್ತಿ ತುಂಬಬೇಡಿ.

ತಿಂಗಳುಗಟ್ಟಲೆ ನಿಂತ ಕೋವಿಯನ್ನು ಹಾಗೇ ಹಾರಿಸಬೇಡಿ. ನಳಿಗೆಯೊಳಗೆ ಕಣಜ ಮಣ್ಣಿನ ಗೂಡು ಕಟ್ಟಿರುತ್ತದೆ. ಅಷ್ಟು ಸಣ್ಣ ಅಡ್ಡಿಗೇ ನಳಿಗೆ ಬಿರಿಯುತ್ತದೆ. ತೋಟೆಕೋವಿಯನ್ನು ಮಡಚಿ ಬೆಳಕಿಗೆ ಹಿಡಿದು ನೋಡಿ. ಕೇಪಿನ ಕೋವಿಯಾದರೆ ಖಾಲಿ ಇರುವಾಗ ಗಜ (ಮದ್ದು ಒತ್ತುವ ಕೋಲು) ಎಷ್ಟು ಒಳಹೋಗುತ್ತದೆ ಎಂದು ಗಜದ ಮೇಲೆ ಒಂದು ಗೆರೆ ಹಾಕಿಡಿ. ಆ ಗೆರೆ ನಳಿಗೆಯ ಬಾಯಿಗೆ ಸರಿಯಾಗಿ ಬರದಿದ್ದರೆ ಒಳಗೆ ಏನೋ ಇದೆ, ಹಳೆಯ ಈಡೇ ಇರಬಹುದು. ಕೇಪು ಹಚ್ಚಿ ಪರೀಕ್ಷಿಸಬೇಡಿ.

ಈಡು ಹೊತ್ತದಿದ್ದಾಗ ಕೂಡಲೇ ಬಿಚ್ಚಬೇಡಿ. ನಳಿಗೆ ಜನರಿಲ್ಲದ ಕಡೆಗೆ ತಿರುಗಿರುವಂತೆಯೇ ಕನಿಷ್ಠ ಒಂದು ನಿಮಿಷ ಹಿಡಿದಿರಿ, ತೇವ ಹಿಡಿದ ಮದ್ದು ತಡವಾಗಿ ಹೊತ್ತುವುದುಂಟು. ಹಳೆಯ ಇಂಗ್ಲಿಷ್ ಜೋಡುನಳಿಗೆಗಳಲ್ಲಿ ತೋಟೆಯ ಗೂಡು ಎರಡೂವರೆ ಇಂಚಿನದ್ದು ಇರುತ್ತದೆ. ಅದಕ್ಕೆ ಈಗಿನ 70 ಮಿಲಿಮೀಟರ್ ತೋಟೆ ತುಂಬಿದರೆ ಒಳಗೆ ಕೂರುತ್ತದೆ, ಆದರೆ ಹಾರಿದಾಗ ಬಾಯಿ ಬಿಚ್ಚಲು ಜಾಗ ಸಾಲದೆ ಒತ್ತಡ ಏರುತ್ತದೆ. ನಳಿಗೆಯ ಮೇಲೆ ಹೆಣೆದಂಥ ವಿನ್ಯಾಸ ಕಾಣುವ ಹಳೆಯ ಕೋವಿಗೆ ಈಗಿನ ತೋಟೆಯೇ ಬೇಡ. ಅಳತೆ ತಿಳಿಯದಿದ್ದರೆ ಪರವಾನಗಿ ಇರುವ ರಿಪೇರಿಯವರಲ್ಲಿ ಒಮ್ಮೆ ಅಳೆಸಿ, ಲೈಸೆನ್ಸ್ ಪುಸ್ತಕದೊಳಗೆ ಒಂದು ಚೀಟಿಯಲ್ಲಿ ಬರೆದಿಡಿ.